48 ಕೀಗಳ ಕೀಬೋರ್ಡ್: ಅಂಗಡಿಗೋ, ಮನೆಗೋ?

ವೈನಿ: [ಫೋಟೊ] ಇದನ್ನು ಕೌಂಟರ್‌ನಲ್ಲಿ ಇಟ್ಟವರು ಯಾರು? ನಂಬರ್ ಇಲ್ಲ, ಎಫ್ ಕೀಗಳೂ ಇಲ್ಲ. ಮದುವೆ ಜವಳಿಯವರು ಇಳಕಲ್ ಸೀರೆ, ಖಣ ಎಲ್ಲ ಆರಿಸಿ ಬಿಲ್‌ಗೆ ಕಾಯುತ್ತಾ ಕೂತಿದ್ದರು. ಟ್ಯಾಲಿಯಲ್ಲಿ ಸೇಲ್ಸ್ ತೆಗೆಯಲು ಎಫ್8 ಹುಡುಕಿ ಹುಡುಕಿ ಸಾಕಾಯಿತು. ಎಂಟರ್ ಒತ್ತಿದರೂ ಏನೂ ಆಗಲಿಲ್ಲ. ಕೊನೆಗೆ ಕೈಯಲ್ಲೇ ಬಿಲ್ ಬರೆದುಕೊಟ್ಟೆ.

ತಮ್ಮ: ನಾನೇ ಇಟ್ಟಿದ್ದು ವೈನಿ. ಹಳೆಯದರಲ್ಲಿ ಸ್ಪೇಸ್ ಅಂಟಿಕೊಳ್ಳುತ್ತಿತ್ತು. ಇದು ಮೆಕ್ಯಾನಿಕಲ್, ಒಂದೊಂದು ಕೀಗೂ ಬೇರೆ ಸ್ವಿಚ್. ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ನಂಬರ್ ಎಲ್ಲ ಒಳಗಿನ ಲೇಯರ್‌ನಲ್ಲಿ ಇವೆ.

ಕಾಕಾ: ಒಳಗೆ ಅಂದರೆ? ಬಿಚ್ಚಿ ನೋಡಬೇಕಾ? ಮಾಮೂಲಿ ಕೀಬೋರ್ಡ್‌ನಲ್ಲಿ 104 ಕೀ ಇರುತ್ತವೆ, ಇದರಲ್ಲಿ 48. ಅರ್ಧ ಮಾಲೂ ಇಲ್ಲ, ದುಡ್ಡು ಮಾತ್ರ ಜಾಸ್ತಿ.

ನಾನು: ಕಾಕಾ, ಲೇಯರ್ ಅಂದರೆ ನೀವು ಟೈಪಿಂಗ್ ಕ್ಲಾಸಿನಲ್ಲಿ ಕಲಿತ ಶಿಫ್ಟ್ ಇದೆಯಲ್ಲ, ಅದೇ. 1878ರ ರೆಮಿಂಗ್ಟನ್ 2 ಮೆಷಿನ್‌ನಲ್ಲಿ ಶಿಫ್ಟ್ ಬಂತು, ದೊಡ್ಡಕ್ಷರ ಸಣ್ಣಕ್ಷರ ಎರಡಕ್ಕೂ ಒಂದೇ ಕೀ ಸಾಕಾಯಿತು. ಇಲ್ಲಿ ಸ್ಪೇಸ್ ಪಕ್ಕದಲ್ಲಿ, ಹೆಬ್ಬೆರಳಿಗೆ ಸಿಗುವ ಹಾಗೆ, ಅಂಥವೇ ಇನ್ನೆರಡು ಕೀ ಇವೆ. ಒಂದನ್ನು ಒತ್ತಿ ಹಿಡಿದರೆ ಕ್ಯೂ, ಡಬ್ಲ್ಯೂ, ಇ ಇರುವ ಸಾಲೇ 1, 2, 3 ಆಗುತ್ತದೆ. ಬೆರಳು ಮೇಲಕ್ಕೆ ಹೋಗಬೇಕಾಗಿಯೇ ಇಲ್ಲ.

ಅಕ್ಕ: ಅದೆಲ್ಲ ಇಂಗ್ಲಿಷ್‌ಗೆ ಸರಿ. ನಿನ್ನೆ ಅಂಗಡಿಗೆ ಹೋದಾಗ ಗುಳೇದಗುಡ್ಡದ ನೇಕಾರರಿಗೆ ಒಂದು ಪತ್ರ ಟೈಪ್ ಮಾಡೋಣ ಅಂತ ಕೂತೆ. ನಾನು ಇನ್‌ಸ್ಕ್ರಿಪ್ಟ್ ಅನ್ನುವ ಕನ್ನಡ ಕೀ ವಿನ್ಯಾಸ ಕಲಿತವಳು. ಅದರಲ್ಲಿ ಡ ಇರುವುದು ಪಿ ಬಲಕ್ಕೆ, ಚೌಕ ಬ್ರಾಕೆಟ್ ಮೇಲೆ. ಇದರಲ್ಲಿ ಆ ಜಾಗದಲ್ಲಿ ಬ್ಯಾಕ್‌ಸ್ಪೇಸ್! ‘ಮಾಡಿ’ ಅಂತ ಹೊಡೆದರೆ ‘ಮಾ’ದ ದೀರ್ಘ ಅಳಿಸಿಹೋಗಿ ‘ಮಿ’ ಅಂತ ಬರುತ್ತದೆ. ಮಾಡಿ, ನೋಡಿ, ಕೊಡಿ, ಬೇಡ... ಡ ಇಲ್ಲದೆ ಕನ್ನಡದಲ್ಲಿ ಒಂದು ಪತ್ರ ಬರೆಯಲು ಆಗುತ್ತದಾ?

ಕಾಕಾ: ಕೇಳಿದೆಯಾ ತಮ್ಮಾ?

ನಾನು: ಅಕ್ಕ, ನಿನ್ನ ತೊಂದರೆ ನಿಜ. ಆದರೆ ಇದರಲ್ಲಿ ಕನ್ನಡ ಬರೆಯಲು ಆಗುವುದಿಲ್ಲ ಅನ್ನುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಇನ್‌ಸ್ಕ್ರಿಪ್ಟ್‌ನಲ್ಲಿ ಅಕ್ಷರಗಳು ಚಿಹ್ನೆಗಳ ಕೀಗಳ ಮೇಲೂ ಕೂತಿವೆ. ಚ ಸೆಮಿಕೋಲನ್ ಮೇಲೆ, ಟ ಅದರ ಪಕ್ಕ, ಡ ಇನ್ನೂ ಆಚೆ. ನಾನು ಬಳಸುವುದು ಕೆ.ಪಿ. ರಾವ್ ಅವರ ವಿನ್ಯಾಸ, ನುಡಿ ತಂತ್ರಾಂಶದಲ್ಲಿ ಇರುವುದು. ಅದರಲ್ಲಿ ಇಡೀ ವರ್ಣಮಾಲೆ ಇಂಗ್ಲಿಷಿನ 26 ಅಕ್ಷರದ ಕೀಗಳು ಮತ್ತು ಶಿಫ್ಟ್‌ನಲ್ಲೇ ಮುಗಿಯುತ್ತದೆ. ಟ ಕ್ಯೂ ಮೇಲೆ, ಡ ಡಬ್ಲ್ಯೂ ಮೇಲೆ, ಒತ್ತಕ್ಷರಕ್ಕೆ ಎಫ್. ‘ಬಾಗಲಕೋಟೆ’ ಅಂತ ಬರೆಯಲು ಬಿ, ಎ, ಜಿ, ಎಲ್, ಕೆ, ಓ, ಕ್ಯೂ, ಇ ಸಾಕು. ಎ ಮತ್ತು ಓಗೆ ಮಾತ್ರ ಶಿಫ್ಟ್. ಎಂಟೂ ಈ ಪುಟ್ಟ ಕೀಬೋರ್ಡ್‌ನಲ್ಲಿ ಎದುರಿಗೇ ಇವೆ. ಒಂದು ಲೇಯರ್ ಕೂಡ ಬೇಕಿಲ್ಲ. ದಿನವಿಡೀ ಕನ್ನಡ ಪುಟ ಟೈಪ್ ಮಾಡುವ ನನಗೆ ಇದಕ್ಕಿಂತ ಹಿತವಾದ ಕೀಬೋರ್ಡ್ ಸಿಕ್ಕಿಲ್ಲ. ಮೌಸ್ ಹತ್ತಿರ ಬರುತ್ತದೆ, ಭುಜ ಹೊರಗೆ ಚಾಚುವುದಿಲ್ಲ. ಸಂಜೆ ಹೊತ್ತಿಗೆ ಅದರ ಬೆಲೆ ಗೊತ್ತಾಗುತ್ತದೆ.

ತಮ್ಮ: ಅದನ್ನೇ ನಾನೂ ಹೇಳುತ್ತಿರುವುದು! ವೈನಿ, ನಂಬರ್‌ಗೂ ದಾರಿ ಇದೆ. ಎಡ ಹೆಬ್ಬೆರಳು ಹಿಡಿದರೆ ಬಲಗೈ ಕೆಳಗೆ ಯು ಐ ಓ 7 8 9, ಜೆ ಕೆ ಎಲ್ 4 5 6 ಆಗುವ ಹಾಗೆ ಇಡುತ್ತೇನೆ. ಇದರ ಕೀಗಳು ನೇರ ಸಾಲಿನಲ್ಲಿರುವುದರಿಂದ ನಿಮ್ಮ ನಂಬರ್ ಪ್ಯಾಡ್ ತರಹವೇ ಕೂರುತ್ತದೆ.

ವೈನಿ: ಎಡಗೈ ಎಲ್ಲಿದೆ ನನಗೆ? ಎಡಗೈಯಲ್ಲಿ ಸೀರೆಯ ಚೀಟಿ ತಿರುಗಿಸಿ ರೇಟು ನೋಡುತ್ತಿರುತ್ತೇನೆ, ಬಲಗೈಯಲ್ಲಿ ಹೊಡೆಯುತ್ತೇನೆ. ಎರಡೂ ಕೈ ಅದಕ್ಕೇ ಕೊಟ್ಟರೆ ಚೀಟಿ ಹಿಡಿಯುವವರು ಯಾರು?

ತಮ್ಮ: ಲೇಯರ್ ಲಾಕ್ ಮಾಡಿಡಬಹುದಲ್ವಾ? ಹಿಡಿದುಕೊಳ್ಳುವುದೇ ಬೇಡ.

ನಾನು: ಬೇಡ. ಇಲ್ಲಿ ನಾನು ಪೂರ್ತಿ ವೈನಿ ಕಡೆ. ನೀನು ಲಾಕ್ ಮಾಡಿ ಹೋದರೆ, ಆಮೇಲೆ ಕಾಕಾ ಬಂದು ಗಿರಾಕಿ ಹೆಸರು ಹೊಡೆದಾಗ ಅಂಕಿ ಬೀಳುತ್ತವೆ. ಯಾವ ಲೇಯರ್‌ನಲ್ಲಿದೆ ಅಂತ ಕೀ ನೋಡಿ ತಿಳಿಯುವುದಿಲ್ಲ. ಎಂಟರ್ ಕಥೆಯೂ ಅದೇ. ತಟ್ಟಿದರೆ ಎಂಟರ್, ಒತ್ತಿ ಹಿಡಿದರೆ ಶಿಫ್ಟ್ ಅಂತ ಇಟ್ಟಿದ್ದೀಯ ಅಲ್ವಾ? ಇಂಥ ಕೀಬೋರ್ಡ್ ಒಳಗೆ ಓಡುವ ಕ್ಯೂಎಂಕೆ ಸಾಫ್ಟ್‌ವೇರ್‌ನಲ್ಲಿ ಮೊದಲಿನಿಂದ ಇರುವ ಗಡುವು 200 ಮಿಲಿಸೆಕೆಂಡ್. ವೈನಿ ಬೆರಳು ಊರಿ ಒತ್ತುತ್ತಾರೆ. ಗಡುವು ದಾಟಿತು ಅಂದರೆ ಅದು ಶಿಫ್ಟ್, ಎಂಟರ್ ಬೀಳುವುದೇ ಇಲ್ಲ. ಗಡುವು ಹೆಚ್ಚಿಸಬಹುದು, ಆದರೆ ನಾಲ್ಕು ಜನರ ಕೈಗೆ ಒಂದೇ ಗಡುವು ಹೊಂದುವುದಿಲ್ಲ. ಈ ಕೀಬೋರ್ಡ್ ಒಬ್ಬರ ಕೈಗೆ ಹೊಂದಿಸಿಕೊಳ್ಳಲು ಮಾಡಿದ್ದು. ನಾಲ್ಕು ಕೈ ಓಡಾಡುವ ಕೌಂಟರ್‌ನಲ್ಲಿ ಅದನ್ನು ಇಟ್ಟು ಕೆಟ್ಟ ಹೆಸರು ತರಿಸಬೇಡ.

ಕಾಕಾ: ಹಾಗಾದರೆ ನಾಳೆಯೇ ಒಂದು ಮಾಮೂಲಿ ತರುತ್ತೇನೆ. ನಂಬರ್ ಪ್ಯಾಡ್ ಇರುವುದು. ಇದನ್ನು ವಾಪಸ್ ಕೊಡಲು ಬರುತ್ತದಾ?

ನಾನು: ವಾಪಸ್ ಯಾಕೆ ಕಾಕಾ? ನವನಗರಕ್ಕೆ, ನನ್ನ ಮನೆಗೆ ಕಳಿಸಿ, ಅದರ ದುಡ್ಡು ನಾನು ಕೊಡುತ್ತೇನೆ. ಅಕ್ಕನಿಗೆ ಬೇಕಾದ ಕೀಗಳನ್ನೂ ಇದರಲ್ಲೇ ಕೂರಿಸುತ್ತೇನೆ. ಯಾವ ಕೀ ಎಲ್ಲಿ ಅನ್ನುವುದು ಕೀಬೋರ್ಡ್ ಒಳಗೇ ಉಳಿಯುತ್ತದೆ, ಯಾವ ಕಂಪ್ಯೂಟರ್‌ಗೆ ಹಾಕಿದರೂ ಹಾಗೇ ಇರುತ್ತದೆ.

ತಮ್ಮ: ಕೌಂಟರ್‌ಗೆ ಎರಡನ್ನೂ ಒಟ್ಟಿಗೇ ಹಾಕಿದರೂ ನಡೆಯುತ್ತದೆ. ಎರಡೂ ಕೆಲಸ ಮಾಡುತ್ತವೆ.

ವೈನಿ: ಮೇಜಿನ ಮೇಲೆ ಜಾಗ ಖಣದ ತಾನಿಗೇ ಸಾಲುತ್ತಿಲ್ಲ. ಒಂದೇ ಸಾಕು.

ಅಕ್ಕ: ನನಗೆ ಪಿ ಪಕ್ಕ ಡ ಬೇಕೇ ಬೇಕು. ಆಗ ಬ್ಯಾಕ್‌ಸ್ಪೇಸ್ ಎಲ್ಲಿ ಇಡುತ್ತೀಯ?

ನಾನು: ಎಡ ಹೆಬ್ಬೆರಳಿಗೆ. ಭಾನುವಾರ ಬಾ, ನಿನ್ನ ಕೈ ನೋಡಿಯೇ ಇಡೋಣ.