ಸಹಾಯ ಬೇಕು: ಬೋರ್‌ವೆಲ್ ನೀರಲ್ಲಿ ಪೆಟ್ರೋಲ್ ವಾಸನೆ

ಎಲ್ಲರಿಗೂ ನಮಸ್ಕಾರ. ಬನಶಂಕರಿ ಕಡೆ ನಮ್ಮ ಅಪಾರ್ಟ್‌ಮೆಂಟ್ ಬೋರ್‌ವೆಲ್ ನೀರು ಪೆಟ್ರೋಲ್ ವಾಸನೆ ಹೊಡೆಯುತ್ತಿದೆ, ಬಕೆಟ್ ತುಂಬಿಸಿಟ್ಟರೆ ಮೇಲೆ ಬಣ್ಣಬಣ್ಣದ ಎಣ್ಣೆ ಪೊರೆ ಕಟ್ಟುತ್ತದೆ. ಪಕ್ಕದಲ್ಲೇ ಒಂದು ಬಂಕ್ ಇದೆ, ನೆಲದಡಿಯ ಟ್ಯಾಂಕ್ ಸೋರುತ್ತಿದೆಯೇನೋ ಅಂತ ಅನುಮಾನ. ಅವರು ಸುಮ್ನೆ ತಳ್ಳಿಹಾಕುತ್ತಾರೆ.

ಕುಡಿಯೋಕೆ ಕಾವೇರಿ ನೀರಿದೆ, ಸ್ನಾನ ಪಾತ್ರೆಗೆಲ್ಲ ಇದೇ ಗತಿ. ಕುದಿಸಿ ಬಳಸಿ ಅಂತಾರೆ ಕೆಲವರು, ಆದರೆ ಪೆಟ್ರೋಲ್‌ನಲ್ಲಿರುವ ವಿಷಕಾರಿ ಬೆಂಜೀನ್ ಇದ್ದರೆ ಅದು ಆವಿಯಾಗಿ ಮನೆಯೊಳಗಿನ ಗಾಳಿಗೇ ಸೇರುತ್ತದೆ ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಕುಡಿಯುವ ನೀರಲ್ಲಿ ಅದು ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು. ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್‌ನಲ್ಲಿ ಇದೆಲ್ಲ ಗೊತ್ತಾಗುವುದಿಲ್ಲ.

ಬೆಂಜೀನ್, ಟೊಲ್ಯೂಯಿನ್ (ಇದೂ ಪೆಟ್ರೋಲ್‌ನ ಅಂಶ) ಪರೀಕ್ಷೆ ಮಾಡುವ, ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಮಂಡಳಿ) ಮಾನ್ಯತೆ ಇರುವ ಲ್ಯಾಬ್ ಇಲ್ಲಿ ಯಾರಿಗಾದರೂ ಗೊತ್ತಾ? ಎಷ್ಟಾಗುತ್ತದೆ? ಗಾಜಿನ ಬಾಟಲಿಯಲ್ಲಿ ಗಾಳಿ ನಿಲ್ಲದಂತೆ ತುಂಬಿಸಿಡುತ್ತೇವೆ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಇಂಥ ದೂರು ಕೊಟ್ಟವರಿದ್ದರೆ ದಯವಿಟ್ಟು ಹೇಳಿ, ರಿಪೋರ್ಟ್ ಮೊದಲು ಬೇಕಾ?