ಆಫೀಸ್ ಮೇಲ್ ಹೋಸ್ಟೆಡ್ ಸರ್ವಿಸ್‌ಗೆ ಹಾಕಿದ ಮೇಲೆ ಯಾರ್ಯಾರು ಓದಬಹುದು? ಫಾರ್ಮ್ ಮೇಲ್ ಸಹ ಬರ್ತಾ ಇಲ್ಲ

ಗೇರುಬೀಜ_ಬೈಕಂಪಾಡಿ
ಗೇರುಬೀಜ ಎಕ್ಸ್‌ಪೋರ್ಟ್ ಆಫೀಸ್, 14 ಮೇಲ್‌ಬಾಕ್ಸ್. ಮೊದಲು ವೆಬ್‌ಸೈಟ್ ಹೋಸ್ಟಿಂಗ್‌ನ ಸಿಪ್ಯಾನೆಲ್ (ಹೋಸ್ಟಿಂಗ್ ನೋಡಿಕೊಳ್ಳುವ ಕಂಟ್ರೋಲ್ ಪುಟ) ಮೇಲ್ ಇತ್ತು, ಈಗ ರೀಸೆಲ್ಲರ್ ಮೂಲಕ ಮೈಕ್ರೋಸಾಫ್ಟ್ 365 ಬಿಸಿನೆಸ್ ಬೇಸಿಕ್. ಬೈಯರ್ ರೇಟು, ಬ್ಯಾಂಕ್ ವಿವರ, ಕೆಲಸದವರ ಪಿಎಫ್ ಪಟ್ಟಿ ಎಲ್ಲ ಮೇಲ್‌ನಲ್ಲೇ ಉಂಟು. ಮೈಕ್ರೋಸಾಫ್ಟ್‌ನವರು ಓದ್ತಾರಾ? ಮತ್ತೆ, ವೆಬ್‌ಸೈಟ್‌ನ ಎನ್‌ಕ್ವಾಯರಿ ಫಾರ್ಮ್ ಮೇಲ್ ಹೊಸ ಇನ್‌ಬಾಕ್ಸ್‌ಗೆ ಬರುವುದೇ ಇಲ್ಲ. ಬೇರೆಯವರದ್ದು ಸರಿ ಬರ್ತದೆ.

ಕದ್ರಿ_ಎಂಎಕ್ಸ್
ಫಾರ್ಮ್ ಮೇಲ್ ಕಳೆದುಹೋಗಿಲ್ಲ, ಹಳೆ ಸರ್ವರ್‌ನಲ್ಲೇ ಬೀಳ್ತಾ ಉಂಟು. ಎಂಎಕ್ಸ್ (ಡೊಮೇನ್‌ನ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ದಾಖಲೆ) ಬದಲಾಯಿಸಿದರೂ ಆ ಸರ್ವರ್ ತನ್ನ ಡೊಮೇನ್ ಅಂತ ತಿಳಿದು ಡಿಎನ್‌ಎಸ್ (ಆ ದಾಖಲೆಗಳು ಇರುವ ಇಂಟರ್ನೆಟ್ ವಿಳಾಸ ಪಟ್ಟಿ) ನೋಡದೆ ಅಲ್ಲೇ ಡೆಲಿವರಿ ಮಾಡ್ತದೆ. ಸಿಪ್ಯಾನೆಲ್‌ನಲ್ಲಿ ಇಮೇಲ್ ರೂಟಿಂಗ್ ತೆರೆದು "ಲೋಕಲ್" ಇದ್ದದ್ದನ್ನು "ರಿಮೋಟ್ ಮೇಲ್ ಎಕ್ಸ್‌ಚೇಂಜರ್" ಮಾಡಿ.

ಇದು ಪ್ರೈವೆಸಿ ವಿಷಯವೂ ಹೌದು. ಹಳೆ ಮೇಲ್‌ಬಾಕ್ಸ್‌ಗಳು, ಹಳೆ ಪಾಸ್‌ವರ್ಡ್ ಸಮೇತ, ಇನ್ನೂ ಅಲ್ಲಿವೆ. ಐಮ್ಯಾಪ್ (ಸರ್ವರ್‌ನಲ್ಲಿರುವ ಮೇಲ್ ತೆಗೆಯುವ ವಿಧಾನ) ಮೂಲಕ ಎಲ್ಲ ಹೊಸ ಕಡೆಗೆ ಬಂತಾ ಅಂತ ಫೋಲ್ಡರ್ ಲೆಕ್ಕ ಹಿಡಿದು ನೋಡಿ, ಆಮೇಲೆ ಅಕೌಂಟ್ ಅಳಿಸಿ. ಬ್ಯಾಕಪ್ ಎಷ್ಟು ದಿನ ಇಡ್ತಾರೆ ಅಂತ ಹೋಸ್ಟಿಂಗ್‌ನವರ ಹತ್ರ ಬರಹದಲ್ಲಿ ಕೇಳಿ. ಎಸ್‌ಪಿಎಫ್ ರೆಕಾರ್ಡ್‌ನಲ್ಲಿ (ನಿಮ್ಮ ಹೆಸರಲ್ಲಿ ಮೇಲ್ ಕಳಿಸಬಹುದಾದ ಸರ್ವರ್‌ಗಳ ಪಟ್ಟಿ) ಹಳೆ ಸರ್ವರ್‌ನ ಐಪಿ ಉಳಿದಿದ್ದರೆ ತೆಗೀರಿ. ಶೇರ್ಡ್ ಸರ್ವರ್ ಆದರೆ ಅದೇ ಐಪಿಯಿಂದ ಇನ್ಯಾರೋ ನಿಮ್ಮ ಹೆಸರಲ್ಲಿ ಕಳಿಸಿದ್ದೂ ಪಾಸ್ ಆಗ್ತದೆ. ಫಾರ್ಮ್‌ಗೆ ಎಸ್‌ಎಂಟಿಪಿ (ಮೇಲ್ ಕಳಿಸುವ ವಿಧಾನ) ಮೂಲಕ ಬೇರೆ ದಾರಿ ಮಾಡಿಕೊಟ್ಟ ಮೇಲೆಯೇ ತೆಗೆಯುವುದು, ಇಲ್ಲದಿದ್ದರೆ ಅದು ಸ್ಪ್ಯಾಮ್‌ಗೆ ಹೋಗ್ತದೆ.

ಮಣಿಪಾಲ_ಟೆನೆಂಟ್
ಮೊದಲ ಪ್ರಶ್ನೆಗೆ. ಜಾಹೀರಾತಿಗಾಗಿ ಬಿಸಿನೆಸ್ ಮೇಲ್ ಓದುವುದಿಲ್ಲ ಅಂತ ಒಪ್ಪಂದದಲ್ಲೇ ಉಂಟು. ಆದರೆ ಡಿಸ್ಕ್‌ನಲ್ಲಿ ಎನ್‌ಕ್ರಿಪ್ಟ್ ಆಗಿದ್ದರೂ ಕೀಲಿ ಅವರ ಹತ್ರವೇ. ಸರ್ಚ್, ಸ್ಪ್ಯಾಮ್ ತಪಾಸಣೆ ಎಲ್ಲ ನಡೆಯುವುದೇ ಹಾಗೆ. ಡೇಟಾ ಭಾರತದಲ್ಲೇ ಇದ್ದರೂ 2018ರ ಕ್ಲೌಡ್ ಆ್ಯಕ್ಟ್ ಪ್ರಕಾರ ಅಮೆರಿಕದ ಕೋರ್ಟು ಅಲ್ಲಿನ ಕಂಪನಿಯಿಂದ ಕೇಳಬಹುದು. ಗೇರುಬೀಜದ ರೇಟಿಗೆ ಯಾರೂ ಅಷ್ಟು ದೂರ ಹೋಗುವುದಿಲ್ಲ ಮಾರ್ರೆ. ನಿಮಗೆ ನಿಜವಾದ ತೂತು ರೀಸೆಲ್ಲರ್.

ಅಡ್ಮಿನ್ ಸೆಂಟರ್‌ನಲ್ಲಿ ಸೆಟ್ಟಿಂಗ್ಸ್ → ಪಾರ್ಟ್ನರ್ ರಿಲೇಶನ್‌ಶಿಪ್ಸ್ ನೋಡಿ. ಅಲ್ಲಿ ಅವರಿಗೆ ಗ್ಲೋಬಲ್ ಅಡ್ಮಿನಿಸ್ಟ್ರೇಟರ್ ರೋಲ್ ಇದ್ದರೆ ಯಾವ ಮೇಲ್‌ಬಾಕ್ಸ್‌ಗೆ ಬೇಕಾದರೂ ತಾವೇ ಅನುಮತಿ ಕೊಟ್ಟುಕೊಂಡು ತೆರೆಯಬಹುದು. ನಿಮಗೆ ನೋಟಿಸ್ ಬರುವುದಿಲ್ಲ. ರೋಲ್ ತೆಗೆದರೂ ಲೈಸೆನ್ಸ್, ಬಿಲ್ಲಿಂಗ್ ನಿಲ್ಲುವುದಿಲ್ಲ. ಅದರ ಮೊದಲು ನಿಮ್ಮದೇ ಎರಡು ಗ್ಲೋಬಲ್ ಅಡ್ಮಿನ್ ಅಕೌಂಟ್ ಎಂಎಫ್‌ಎ (ಪಾಸ್‌ವರ್ಡ್ ಜೊತೆ ಇನ್ನೊಂದು ದೃಢೀಕರಣ) ಸಮೇತ ಕೆಲಸ ಮಾಡ್ತವಾ ಅಂತ ಲಾಗಿನ್ ಆಗಿ ನೋಡಿ, ಇಲ್ಲದಿದ್ದರೆ ಹೊರಗೆ ಬೀಳುವುದು ನೀವೇ.

ಗೇರುಬೀಜ_ಬೈಕಂಪಾಡಿ
ರೂಟಿಂಗ್ ಬದಲಾಯಿಸಿದೆ, ಫಾರ್ಮ್ ಮೇಲ್ ಬಂತು. ಪಾರ್ಟ್ನರ್ ಪುಟದಲ್ಲಿ ರೋಲ್ ಇತ್ತು, ತೆಗೆದಾಯ್ತು. ಅಷ್ಟು ಸಾಕಾ?

ಮಣಿಪಾಲ_ಟೆನೆಂಟ್
ಸಾಲದು. ರೋಲ್ಸ್ → ರೋಲ್ ಅಸೈನ್‌ಮೆಂಟ್ಸ್‌ನಲ್ಲಿ ಗ್ಲೋಬಲ್ ಅಡ್ಮಿನಿಸ್ಟ್ರೇಟರ್ ತೆರೆದು ಪಟ್ಟಿ ನೋಡಿ. ಸೆಟಪ್ ಮಾಡುವಾಗ ರೀಸೆಲ್ಲರ್ ಸೃಷ್ಟಿಸಿದ, ಆನ್‌ಮೈಕ್ರೋಸಾಫ್ಟ್ ಡಾಟ್ ಕಾಮ್ ಅಂತ ಮುಗಿಯುವ ಅಕೌಂಟ್ ಅಲ್ಲಿ ಉಳಿದಿರುವುದು ಮಾಮೂಲು. ಪಾರ್ಟ್ನರ್ ಪುಟದಲ್ಲಿ ಅದು ಕಾಣುವುದಿಲ್ಲ.

ನಂತರ ಪರ್‌ವ್ಯೂನ (ಮೈಕ್ರೋಸಾಫ್ಟ್‌ನದ್ದೇ ತಪಾಸಣೆ ಪೋರ್ಟಲ್) ಆಡಿಟ್‌ನಲ್ಲಿ ಎರಡು ಹುಡುಕಿ: ಆ್ಯಡ್-ಮೇಲ್‌ಬಾಕ್ಸ್‌ಪರ್ಮಿಷನ್ (ಮೇಲ್‌ಬಾಕ್ಸ್‌ಗೆ ಅನುಮತಿ ಕೊಟ್ಟದ್ದು) ಮತ್ತು ನ್ಯೂ-ಇನ್‌ಬಾಕ್ಸ್‌ರೂಲ್ (ಹೊಸ ಮೇಲ್ ರೂಲ್ ಹಾಕಿದ್ದು). ದಾಖಲೆ 180 ದಿನ ಮಾತ್ರ ಇರ್ತದೆ, ನಾಳೆ ನಾಡಿದ್ದು ಅನ್ನಬೇಡಿ. "ಇನ್‌ವಾಯ್ಸ್" ಅಥವಾ "ಪೇಮೆಂಟ್" ಶಬ್ದ ಇರುವ ಮೇಲ್ ಬಂದರೆ ಆರ್‌ಎಸ್‌ಎಸ್ ಫೀಡ್ಸ್ ಫೋಲ್ಡರ್‌ಗೆ ಸರಿಸುವ ರೂಲ್ ಸಿಕ್ಕಿದರೆ, ಬೈಯರ್‌ಗೆ ನಕಲಿ ಬ್ಯಾಂಕ್ ಅಕೌಂಟ್ ಕಳಿಸುವ ತಯಾರಿ ಅದು. ಕೂಡಲೇ ಆ ಯೂಸರ್‌ನ ಸೆಶನ್ ರದ್ದು ಮಾಡಿ, ಪಾಸ್‌ವರ್ಡ್ ಬದಲಿಸಿ, ಬೈಯರ್‌ಗೆ ಫೋನ್ ಮಾಡಿ. ಮೇಲ್ ಮಾಡಬೇಡಿ.

ಡಿಎನ್‌ಎಸ್ ಲಾಗಿನ್ ಸಹ ರೀಸೆಲ್ಲರ್ ಹತ್ರ ಇದ್ದರೆ ಅದನ್ನೂ ವಾಪಸ್ ತೆಗೊಳ್ಳಿ. ಎಂಎಕ್ಸ್ ಬದಲಿಸುವ ಕೈ ಯಾರದ್ದೋ ಮುಂದಿನ ಮೇಲ್ ಪೂರ್ತಿ ಅವರದ್ದು.

ಕದ್ರಿ_ಎಂಎಕ್ಸ್
ಪಿಎಫ್ ಪಟ್ಟಿ ವಿಷಯ: 2023ರ ಡಿಪಿಡಿಪಿ (ವೈಯಕ್ತಿಕ ಡಿಜಿಟಲ್ ಡೇಟಾ ರಕ್ಷಣೆ) ಕಾಯ್ದೆಯಲ್ಲಿ ಜವಾಬ್ದಾರಿ ನಿಮ್ಮ ಮೇಲೆಯೇ, ಪ್ರೊಸೆಸರ್ (ನಿಮ್ಮ ಪರವಾಗಿ ಡೇಟಾ ನಿಭಾಯಿಸುವವರು) ಜೊತೆ ಲಿಖಿತ ಒಪ್ಪಂದ ಇಟ್ಟುಕೊಳ್ಳಿ. ರೀಸೆಲ್ಲರ್‌ಗೆ ಮುಂದೆಯೂ ಅಡ್ಮಿನ್ ಕೆಲಸ ಕೊಡುವುದಾದರೆ ಅವರ ಜೊತೆಗೂ ಬೇಕು.

ಗೇರುಬೀಜ_ಬೈಕಂಪಾಡಿ
ಆ ಆನ್‌ಮೈಕ್ರೋಸಾಫ್ಟ್ ಅಕೌಂಟ್ ಇತ್ತು, ಬ್ಲಾಕ್ ಮಾಡಿದೆ. ಆಡಿಟ್‌ನಲ್ಲಿ ಎಂತದೂ ಸಿಗಲಿಲ್ಲ. ಪಣಂಬೂರಿನ ಸಿಎಚ್‌ಎಗೆ (ಕಸ್ಟಮ್ಸ್ ಏಜೆಂಟ್) ಶಿಪ್ಪಿಂಗ್ ಬಿಲ್ ದಾಖಲೆ ಕಳಿಸುವಾಗ ನಡುವೆ ಯಾರೂ ಓದದ ಹಾಗೆ ಮಾಡುವುದು ಹೇಗೆ?

ಕದ್ರಿ_ಎಂಎಕ್ಸ್
ಅವರಿಂದ ಬಂದ ಮೇಲ್‌ನ ಹೆಡರ್ (ಮೇಲ್ ಬಂದ ದಾರಿಯ ವಿವರ) ತೆರೆದು, ಮೈಕ್ರೋಸಾಫ್ಟ್ ಮೊದಲು ಪಡೆದುಕೊಂಡ "ರಿಸೀವ್ಡ್" ಸಾಲಿನಲ್ಲಿ ಟಿಎಲ್‌ಎಸ್ (ದಾರಿಯಲ್ಲಿ ಮೇಲ್ ಎನ್‌ಕ್ರಿಪ್ಟ್ ಮಾಡುವ ವಿಧಾನ) 1.2 ಅಥವಾ 1.3 ಉಂಟಾ ನೋಡಿ. ಇದ್ದರೆ ಅವರ ಡೊಮೇನ್‌ಗೆ ಟಿಎಲ್‌ಎಸ್ ಕಡ್ಡಾಯ ಮಾಡುವ ಕನೆಕ್ಟರ್ (ಮೇಲ್ ದಾರಿಯ ಸೆಟ್ಟಿಂಗ್) ಹಾಕಬಹುದು. ಆಮೇಲೆ ಆ ಕಡೆ ಟಿಎಲ್‌ಎಸ್ ಸಿಗದಿದ್ದರೆ ಮೇಲ್ ಹೋಗುವುದೇ ಇಲ್ಲ, ಕ್ಯೂನಲ್ಲಿ ಕೂತು ಬೌನ್ಸ್ ಆಗ್ತದೆ. ಹಡಗು ಹೊರಡುವ ದಿನ ಅದನ್ನು ಆನ್ ಮಾಡಬೇಡಿ. ತೀರಾ ಗುಟ್ಟಿನ ಫೈಲ್ ಆದರೆ 7-ಜಿಪ್‌ನಲ್ಲಿ ಎಇಎಸ್-256 ಹಾಕಿ, 7ಜೆಡ್ ಫಾರ್ಮ್ಯಾಟ್‌ನಲ್ಲಿ ಫೈಲ್ ಹೆಸರನ್ನೂ ಮುಚ್ಚಿ, ಪಾಸ್‌ವರ್ಡ್ ಫೋನಲ್ಲಿ ಹೇಳಿ. ಸಬ್ಜೆಕ್ಟ್ ಸಾಲು ಮಾತ್ರ ಬಯಲಾಗಿಯೇ ಹೋಗ್ತದೆ, ಅಲ್ಲಿ ಬೈಯರ್ ಹೆಸರು, ರೇಟು ಬರೀಬೇಡಿ.