ಉಪ್ಪುನೀರಿನ ಮೀನಿನ ಟ್ಯಾಂಕಿಗೆ ತಾನಾಗಿ ನೀರು ತುಂಬಿಸುವುದು: ಊರಿಗೆ ಹೋಗುವ ಮುಂಚೆ ಕೇಳಿದ ಪ್ರಶ್ನೆ

ಪ್ರಶ್ನೆ (ಬೆಂಗಳೂರು):
ಸರ್, ನಮ್ಮದು ಮೂರು ಅಡಿಯ ಉಪ್ಪುನೀರಿನ ಟ್ಯಾಂಕ್. ಅದರ ಕೆಳಗಿನ ಸಂಪ್ (ನೀರು ಇಳಿದು ಶುದ್ಧವಾಗಿ ಮತ್ತೆ ಮೇಲೆ ಹೋಗುವ ತೊಟ್ಟಿ) ಸೇರಿ ಒಟ್ಟು 150 ಲೀಟರ್ ನೀರಿದೆ. ಎರಡು ಕ್ಲೌನ್ ಮೀನು, ಒಂದು ಕ್ಲೀನರ್ ಸೀಗಡಿ, ಸ್ವಲ್ಪ ಸಾಫ್ಟ್ ಕೋರಲ್ (ಮೆತ್ತನೆಯ ಹವಳ). ನೀರು ತಂಪಾಗಿಸುವ ಚಿಲ್ಲರ್ ಇಲ್ಲ, ಬೇಸಿಗೆ ಅಂತ ಎರಡು ಸಣ್ಣ ಫ್ಯಾನ್ ಹಾಕಿದ್ದೇನೆ. ಅದಾದ ಮೇಲೆ ದಿನಕ್ಕೆ 4 ಲೀಟರ್ ನೀರು ಆವಿಯಾಗಿ ಹೋಗುತ್ತಿದೆ. ಬೆಳಿಗ್ಗೆ ರಾತ್ರಿ ಮಗ್‌ನಲ್ಲಿ ಸುರಿಯುತ್ತಿದ್ದೇನೆ. ಮುಂದಿನ ತಿಂಗಳು ತಂಗಿಯ ಮದುವೆಗೆ ಶಿರಸಿಗೆ ಹೋಗಬೇಕು, 6 ದಿನ ಮನೆಯಲ್ಲಿ ಯಾರೂ ಇರುವುದಿಲ್ಲ. ಪಕ್ಕದ ಮನೆಯವರು ಒಂದು ಸಲ ಬಂದು ನೋಡಬಲ್ಲರು, ದಿನಾ ಆಗಲ್ಲ. ಫ್ಲೋಟ್ ಸ್ವಿಚ್ (ನೀರಿನ ಮಟ್ಟದ ಜೊತೆ ತೇಲಿ ಪಂಪ್ ಆನ್-ಆಫ್ ಮಾಡುವುದು), 12 ವೋಲ್ಟ್ ಪಂಪ್ ತಂದು ನಾನೇ ಎಟಿಒ (ಆಟೋ ಟಾಪ್ ಆಫ್, ಆವಿಯಾದಷ್ಟು ನೀರನ್ನು ತಾನೇ ತುಂಬಿಸುವ ವ್ಯವಸ್ಥೆ) ಮಾಡೋಣ ಅಂದುಕೊಂಡಿದ್ದೇನೆ. 50 ಲೀಟರ್ ಡ್ರಮ್ ಇಟ್ಟರೆ ಚಿಂತೆಯೇ ಇರಲ್ಲ ಅಲ್ವಾ? ಅಡುಗೆಮನೆಯ ಆರ್‌ಒ ನೀರು ನಡೆಯುತ್ತದಾ?

ಉತ್ತರ:
ಮೇಡಂ, ಮಾಡಲೇಬೇಕಾದ ಕೆಲಸ ಇದು. ಆದರೆ 50 ಲೀಟರ್ ಡ್ರಮ್ ಬೇಡ. ಉಪ್ಪುನೀರಿನ ಟ್ಯಾಂಕ್ ಹಾಕಿಕೊಟ್ಟು ನೋಡಿಕೊಳ್ಳುವುದೇ ನನ್ನ ಕೆಲಸ, ಎಲ್ಲರಿಗೂ ಇದನ್ನೇ ಹೇಳುತ್ತೇನೆ: ಸೆನ್ಸರ್ ಯಾವುದು ಅಂತ ಆಮೇಲೆ ನೋಡಿ, ಮೊದಲು ನೀರು ತುಂಬಿಡುವ ಕ್ಯಾನ್ ಎಷ್ಟು ದೊಡ್ಡದು ಅಂತ ನೋಡಿ. ಸೆನ್ಸರ್ ಒಂದಲ್ಲ ಒಂದು ದಿನ ಕೈಕೊಡುತ್ತದೆ. ಆ ದಿನ ಕ್ಯಾನ್‌ನಲ್ಲಿ ಇರುವ ಅಷ್ಟೂ ನೀರು ಟ್ಯಾಂಕಿಗೆ ಹೋಗುತ್ತದೆ ಅಂತಲೇ ಲೆಕ್ಕ ಹಾಕಿ.

ನಿಮ್ಮ ಲೆಕ್ಕ ನೋಡೋಣ. ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. 6 ದಿನ ಯಾರೂ ಏನೂ ಹಾಕದಿದ್ದರೆ 24 ಲೀಟರ್ ಹೋಗಿ, ಲೀಟರಿಗೆ 35 ಗ್ರಾಂ ಇದ್ದ ಉಪ್ಪು 41 ದಾಟುತ್ತದೆ. ಅದಕ್ಕೂ ಮುಂಚೆಯೇ ಸಂಪ್‌ನಲ್ಲಿ ರಿಟರ್ನ್ ಪಂಪ್ (ನೀರನ್ನು ಮತ್ತೆ ಟ್ಯಾಂಕಿಗೆ ಕಳಿಸುವ ಪಂಪ್) ಇರುವ ಕೊನೆಯ ಕೋಣೆ ಒಣಗಿ ಪಂಪ್ ಗೊರಗೊರ ಅನ್ನುತ್ತದೆ. ಇನ್ನು 50 ಲೀಟರೂ ಒಂದೇ ಸಲ ಒಳಗೆ ಬಂದರೆ 35 ಇದ್ದದ್ದು 26ಕ್ಕೆ ಇಳಿಯುತ್ತದೆ. ಸಂಪ್ ತುಂಬಿ ಚೆಲ್ಲಿದರೆ ನಿಮ್ಮ ಹಾಲ್ ಕಥೆ ಬೇರೆ. 12 ಲೀಟರ್ ಕ್ಯಾನ್ ಆದರೆ ಪೂರ್ತಿ ಸುರಿದರೂ 32ರ ಮೇಲೇ ನಿಲ್ಲುತ್ತದೆ. ಸೀಗಡಿಗೆ ಅದೂ ಒಳ್ಳೆಯದಲ್ಲ, ಆದರೆ ಅನಾಹುತ ಆಗುವ ಮಟ್ಟ ಅಲ್ಲ.

ಹಾಗಾಗಿ 12 ಲೀಟರ್‌ನ ಎರಡು ಕ್ಯಾನ್ ಇಡಿ. ಒಂದಕ್ಕೆ ಪಂಪ್ ಹಾಕಿ, ಇನ್ನೊಂದನ್ನು ತುಂಬಿಸಿ ಪಕ್ಕದಲ್ಲಿಡಿ. ಮೂರನೇ ದಿನ ಪಕ್ಕದ ಮನೆಯವರು ಬಂದು ಎರಡನೆಯದನ್ನು ಮೊದಲನೆಯದಕ್ಕೆ ಸುರಿದರೆ ಸಾಕು. ಟ್ಯಾಂಕಿಗೆ ಸುರಿಯುವುದಲ್ಲ! ಕ್ಯಾನ್ ಮೇಲೆ ಮಾರ್ಕರ್‌ನಲ್ಲಿ ಬರೆದೇ ಅಂಟಿಸಿ.

ಫ್ಲೋಟ್ ಸ್ವಿಚ್ ಒಂದು ಸಾಲದು, ಎರಡು ಹಾಕಿ. ಎರಡನ್ನೂ ರಿಟರ್ನ್ ಪಂಪ್ ಕೋಣೆಯಲ್ಲೇ ಹಾಕಬೇಕು, ಏಕೆಂದರೆ ನೀರಿನ ಮಟ್ಟ ಇಳಿಯುವುದು ಅಲ್ಲಿ ಮಾತ್ರ. ಒಂದು ಮಾಮೂಲಿ ಮಟ್ಟಕ್ಕೆ, ಇನ್ನೊಂದು ಅದಕ್ಕಿಂತ 2 ಸೆಂಟಿಮೀಟರ್ ಮೇಲೆ, ಒಂದರ ಹಿಂದೆ ಒಂದು ಸೀರೀಸ್‌ನಲ್ಲಿ. ಕೆಳಗಿನದು ಸಿಕ್ಕಿಕೊಂಡರೂ ಮೇಲಿನದು ಪಂಪ್ ನಿಲ್ಲಿಸುತ್ತದೆ. ನಾನೇ ಹಾಕಿಕೊಟ್ಟಿದ್ದ ಒಂದು 120 ಲೀಟರ್ ಟ್ಯಾಂಕಿನಲ್ಲಿ ಒಂದೇ ಫ್ಲೋಟ್ ಇತ್ತು. ರಾತ್ರಿ ಟರ್ಬೋ ಬಸವನಹುಳು ಬಂದು ಫ್ಲೋಟ್ ಮೇಲೆ ಕೂತಿದೆ, ಫ್ಲೋಟ್ ಮೇಲೇಳಲೇ ಇಲ್ಲ, ನೀರು ಕಡಿಮೆ ಇದೆ ಅಂತ ಪಂಪ್ ಓಡುತ್ತಲೇ ಇತ್ತು. ಬೆಳಿಗ್ಗೆ ನಾನು ಹೋದಾಗ 40 ಲೀಟರ್ ಡ್ರಮ್ ಖಾಲಿ, ನೆಲವೆಲ್ಲ ನೀರು, ಬಸವನಹುಳು ಇನ್ನೂ ಅಲ್ಲೇ ಕೂತಿತ್ತು. ಸೀಗಡಿಗಳು ಉಳಿಯಲಿಲ್ಲ. ಅವತ್ತಿನಿಂದ ಪ್ರತಿ ಫ್ಲೋಟಿಗೂ ತೂತು ಕೊರೆದ ಪಿವಿಸಿ ಪೈಪಿನ ತುಂಡನ್ನು ಸುತ್ತ ಹಾಕುತ್ತೇನೆ.

ಫ್ಲೋಟ್ ಒಳಗಿನ ರೀಡ್ ಸ್ವಿಚ್ (ಅಯಸ್ಕಾಂತದಿಂದ ಕೂಡುವ ಸಣ್ಣ ಸ್ವಿಚ್) ಜಾಸ್ತಿ ಕರೆಂಟ್ ತಡೆಯಲ್ಲ, ಕಾಂಟ್ಯಾಕ್ಟ್ ಅಂಟಿಕೊಂಡರೆ ಪಂಪ್ ನಿಲ್ಲುವುದೇ ಇಲ್ಲ. ನಡುವೆ ಒಂದು ರಿಲೇ (ಪಂಪಿನ ಕರೆಂಟನ್ನು ತಾನು ಹೊರುವ ಸ್ವಿಚ್) ಹಾಕಿ. 230 ವೋಲ್ಟ್ ವೈರನ್ನಂತೂ ಫ್ಲೋಟಿಗೆ ಯಾವತ್ತೂ ಕೊಡಬೇಡಿ. ಜೊತೆಗೆ ಅಡಾಪ್ಟರನ್ನು ಒಂದು ಡಿಜಿಟಲ್ ಟೈಮರ್‌ಗೆ ಚುಚ್ಚಿ. ಪಂಪ್ ನಿಮಿಷಕ್ಕೆ ಎಷ್ಟು ನೀರು ಹಾಕುತ್ತದೆ ಅಂತ ಮಗ್ ಹಿಡಿದು ಅಳೆದುಕೊಳ್ಳಿ. ಒಂದು ಲೀಟರ್ ಬಂದರೆ ದಿನಕ್ಕೆ 6 ಸಲ, ಒಂದೊಂದು ನಿಮಿಷ ಮಾತ್ರ ಕರೆಂಟ್ ಹೋಗುವಂತೆ ಮಾಡಿ. ಆಗ ಎರಡೂ ಫ್ಲೋಟ್ ಕೈಕೊಟ್ಟರೂ ದಿನಕ್ಕೆ 6 ಲೀಟರ್‌ಗಿಂತ ಜಾಸ್ತಿ ಒಳಗೆ ಹೋಗಲ್ಲ.

ಇನ್ನು ಪೈಪ್ ತುದಿ. ಇಲ್ಲೇ ಜಾಸ್ತಿ ಜನ ತಪ್ಪು ಮಾಡುವುದು. ಕ್ಯಾನ್ ಎತ್ತರದಲ್ಲಿಟ್ಟರೆ ಪಂಪ್ ನಿಂತ ಮೇಲೂ ಸೈಫನ್ ಆಗಿ ನೀರು ಹರಿಯುತ್ತಲೇ ಇರುತ್ತದೆ. ಕ್ಯಾನ್ ಕೆಳಗಿಟ್ಟು ಪೈಪ್ ತುದಿಯನ್ನು ನೀರಿನಲ್ಲಿ ಮುಳುಗಿಸಿದರೆ ಉಪ್ಪುನೀರೇ ವಾಪಸ್ ಕ್ಯಾನಿಗೆ ಬಂದು ಚೆಲ್ಲುತ್ತದೆ. ಕ್ಯಾನ್ ನೆಲದ ಮೇಲಿರಲಿ. ಪೈಪ್ ತುದಿ ಗಾಳಿಯಲ್ಲಿರಲಿ. ಕರೆಂಟ್ ಹೋದಾಗ ಮೇಲಿನ ಟ್ಯಾಂಕಿನ ನೀರು ಇಳಿದು ಸಂಪ್ ಮಟ್ಟ ಏರುತ್ತದಲ್ಲ, ಆ ಮಟ್ಟಕ್ಕಿಂತ ಎರಡು ಬೆರಳು ಮೇಲೆ ಅದನ್ನು ಕ್ಲಿಪ್ ಮಾಡಿ.

ಅಡುಗೆಮನೆ ಆರ್‌ಒ ಬಗ್ಗೆ ತುಂಬಾ ಹುಷಾರು. ಈಗಿನ ಎಷ್ಟೋ ಫಿಲ್ಟರ್‌ಗಳಲ್ಲಿ ಕುಡಿಯಲು ಒಳ್ಳೆಯದು ಅಂತ ತಾಮ್ರದ ಕಾರ್ಟ್ರಿಡ್ಜ್ ಇರುತ್ತದೆ. ನಮಗೆ ಒಳ್ಳೆಯದೇ ಇರಬಹುದು, ಸೀಗಡಿಗೂ ಕೋರಲ್‌ಗೂ ತಾಮ್ರ ವಿಷ. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ) ಮೀಟರ್ 40 ತೋರಿಸಿದರೆ ಅದರಲ್ಲಿ ತಾಮ್ರ ಎಷ್ಟು ಅಂತ ಅದು ಹೇಳಲ್ಲ. ಮೆಂಬ್ರೇನ್ ಆದ ಕೂಡಲೇ, ಆ ಕಾರ್ಟ್ರಿಡ್ಜ್‌ಗಳಿಗೆ ಮುಂಚೆ ಒಂದು ಕವಲು ತೆಗೆಸಿ, ಆ ನೀರನ್ನು ಡಿಐ ರೆಸಿನ್ (ಉಳಿದ ಲವಣಗಳನ್ನು ಹಿಡಿಯುವ ಹರಳು) ಮೂಲಕ ಬಿಟ್ಟು 0 ಟಿಡಿಎಸ್ ಬಂದ ಮೇಲೆ ಕ್ಯಾನಿಗೆ ತುಂಬಿ.

ಇನ್ನೊಬ್ಬರ ಪ್ರಶ್ನೆ (ಮಂಗಳೂರು):
ನಮಗೆ ಸಮುದ್ರ ಹತ್ತಿರವೇ ಇದೆ ಸರ್. ಸುಮ್ನೆ ಸಮುದ್ರದ ನೀರನ್ನೇ ಕ್ಯಾನಿಗೆ ತುಂಬಿಟ್ಟರೆ ಆಗಲ್ವಾ? ಇಲ್ಲದಿದ್ದರೆ ಎಸಿ ಪೈಪಿನಿಂದ ಬರುವ ನೀರು ಇದೆ, ಟಿಡಿಎಸ್ ತುಂಬಾ ಕಡಿಮೆ ತೋರಿಸುತ್ತದೆ.

ಉತ್ತರ:
ಎರಡೂ ಬೇಡ. ಹೋದದ್ದು ಬರೀ ನೀರು, ನೀವು ತುಂಬುವುದು ಉಪ್ಪುನೀರು ಆದರೆ ದಿನಾ ಉಪ್ಪು ಏರುತ್ತಲೇ ಹೋಗುತ್ತದೆ. ನೀರು ಬದಲಾಯಿಸುವಾಗ ಉಪ್ಪುನೀರು, ಆವಿಯಾದದ್ದಕ್ಕೆ ಸಿಹಿನೀರು. ಬದಲಾಯಿಸಲು ಸಮುದ್ರದ ನೀರು ತಂದರೂ ಮಳೆಗಾಲದಲ್ಲಿ ಅಳೆಯದೆ ಹಾಕಬೇಡಿ, ನೇತ್ರಾವತಿ, ಗುರುಪುರ ನದಿಗಳ ನೀರು ಬಂದು ಸೇರುವ ಕಡೆ ಉಪ್ಪು ತುಂಬಾ ಇಳಿದಿರುತ್ತದೆ. ಎಸಿ ನೀರು ಒಳಗಿನ ಕಾಯಿಲ್ ಮೇಲಿಂದ ಇಳಿದು ಬಂದದ್ದು, ಆ ಕಾಯಿಲ್ ಸಾಮಾನ್ಯವಾಗಿ ತಾಮ್ರದ್ದೇ, ಜೊತೆಗೆ ಧೂಳು. ಗಿಡಕ್ಕೆ ಹಾಕಿ.

ಮೊದಲು ಕೇಳಿದವರು:
ಸರ್, ಎಲ್ಲ ಜೋಡಿಸಿ ಒಂದು ವಾರ ಓಡಿಸಿದೆ. ಗ್ರ್ಯಾವಿಟಿ (ಉಪ್ಪಿನ ಅಳತೆ) ದಿನಾ 1.026ರಲ್ಲೇ ನಿಂತಿದೆ, ತುಂಬಾ ಖುಷಿ. ಒಂದು ದಿನ ಮಾತ್ರ ಕರೆಂಟ್ ಹೋಗಿ ಬಂದ ಕೂಡಲೇ ಎಟಿಒ ಶುರುವಾಗಿ, ಆಮೇಲೆ ನೋಡಿದರೆ ಸಂಪ್ ಮಟ್ಟ ಸ್ವಲ್ಪ ಜಾಸ್ತಿ ಇತ್ತು. ಇನ್ನೊಂದು, ಕ್ಯಾನಿನಲ್ಲೇ ಸುಣ್ಣದ ತಿಳಿ ಬೆರೆಸಿದರೆ ಕೋರಲ್‌ಗೆ ಕ್ಯಾಲ್ಶಿಯಂ ಸಿಗುತ್ತದೆ ಅಂತಾರೆ, ಹಾಕಲಾ?

ಉತ್ತರ:
ಕರೆಂಟ್ ಬಂದಾಗ ರಿಟರ್ನ್ ಪಂಪ್ ನೀರನ್ನು ಮೇಲೆ ಎಳೆಯುತ್ತದೆ, ಅದು ಮೇಲಿಂದ ತಿರುಗಿ ಬರುವವರೆಗೆ ಕೊನೆಯ ಕೋಣೆಯಲ್ಲಿ ಮಟ್ಟ ಇಳಿದಿರುತ್ತದೆ. ಅದೇ ಹೊತ್ತಿಗೆ ಟೈಮರ್ ನಿಮಿಷ ಬಿದ್ದಿದೆ, ಅಷ್ಟೇ. ಹೋದದ್ದು ಹೆಚ್ಚೆಂದರೆ ಒಂದು ಲೀಟರ್. ಪದೇ ಪದೇ ಹೋಗಿ ಬರುವ ಕಡೆ ಟೈಮರ್‌ಗೂ ಮುಂಚೆ 10 ನಿಮಿಷ ತಡಮಾಡುವ ಡಿಲೇ ರಿಲೇ ಹಾಕುತ್ತೇನೆ.

ಸುಣ್ಣದ ತಿಳಿ ಒಳ್ಳೆಯದೇ, ಆದರೆ ಈಗ ಬೇಡ. ಅದರ ಪಿಎಚ್ 12ರ ಮೇಲಿರುತ್ತದೆ. ಬರೀ ನೀರು ಒಂದೇ ಸಲ ಸುರಿದರೆ ಟ್ಯಾಂಕ್ ತಡೆದುಕೊಳ್ಳಬಹುದು, ಸುಣ್ಣದ ತಿಳಿ ಹಾಗೆ ಸುರಿದರೆ ಎಲ್ಲವೂ ಸಾಯುತ್ತದೆ. ಮದುವೆ ಮುಗಿಸಿ ಬನ್ನಿ, ನೀವು ಮನೆಯಲ್ಲಿ ಇರುವಾಗ ಶುರು ಮಾಡೋಣ.

ಹೊರಡುವ ಹಿಂದಿನ ದಿನ ಎರಡೂ ಫ್ಲೋಟ್ ಬಿಚ್ಚಿ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ, ಹಳೆ ಬ್ರಶ್‌ನಲ್ಲಿ ಉಜ್ಜಿ. ಕಡ್ಡಿಯ ಮೇಲೆ ಬಿಳಿ ಪೊರೆ ಕೂತಿರುತ್ತದೆ, ಫ್ಲೋಟ್ ಸಿಕ್ಕಿಕೊಳ್ಳುವುದೇ ಅದಕ್ಕೆ. ಸ್ಕಿಮ್ಮರ್ (ನೊರೆಯ ಜೊತೆ ಕೊಳೆ ತೆಗೆಯುವ ಸಾಧನ) ಸ್ವಲ್ಪ ತಗ್ಗಿಸಿ. ಅದು ಉಕ್ಕಿ ಉಪ್ಪುನೀರು ಹೊರಗೆ ಹಾಕಿದರೆ ಎಟಿಒ ಆ ಜಾಗಕ್ಕೆ ಸಿಹಿನೀರು ತುಂಬಿಬಿಡುತ್ತದೆ. ಮೂರನೇ ದಿನ ಪಕ್ಕದ ಮನೆಯವರಿಗೆ ಕ್ಯಾನಿನ ಫೋಟೋ ಕಳಿಸಲು ಹೇಳಿ. ನೀರು ಅರ್ಧಕ್ಕಿಂತ ಮೇಲಿದ್ದರೆ ಪಂಪ್ ಸರಿಯಾಗಿ ಓಡುತ್ತಿಲ್ಲ ಅಂತ, ಕೂಡಲೇ ನನಗೆ ಫೋನ್ ಮಾಡಿ.